ಗಂಗಮ್ಮನ ಬೆನ್ನ ಮೇಲೆ ಇಟ್ಟ ಕಾಲು

ಇಂಥ ಅನುಭವಗಳನ್ನು ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಮದುವೆ ಮನೆಯಲ್ಲಿ ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುತ್ತ ಯಾರಾದರೂ "ನಂಬ್ತೀರೋ ಬಿಡ್ತೀರೋ" ಎಂದು ಶುರು ಮಾಡಿದರೆ, ಚಪ್ಪಲಿ ಹುಡುಕುವ ನೆಪದಲ್ಲಿ ಮೆಲ್ಲಗೆ ಜಾಗ ಖಾಲಿ ಮಾಡುವವನು ನಾನು. ಈಗ ಅದೇ ಮಾತಿನಿಂದ ನಾನೇ ಶುರು ಮಾಡಬೇಕಾಗಿ ಬಂದಿದೆ. ನೀವು ಎದ್ದು ಹೋದರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ಹೋಗುತ್ತಿದ್ದೆ.

ಬಳ್ಳಾರಿಯಲ್ಲಿ ನನ್ನದೊಂದು ಸಣ್ಣ ಫಿಜಿಯೋಥೆರಪಿ ಕ್ಲಿನಿಕ್ ಇದೆ. ಜನ ನನ್ನನ್ನು "ಎಕ್ಸರ್‌ಸೈಜ್ ಡಾಕ್ಟ್ರು" ಎನ್ನುತ್ತಾರೆ, ಇನ್ನು ಕೆಲವರು "ಕರೆಂಟ್ ಇಡೋರು" ಎನ್ನುತ್ತಾರೆ. ಎರಡಕ್ಕೂ ಓಗೊಡುವುದನ್ನು ಕಲಿತಿದ್ದೇನೆ. ರೂಪನಗುಡಿ, ಕೊಳಗಲ್ಲು ಕಡೆಯಿಂದ ಮೊಣಕಾಲು ನೋವಿನವರು ಬರುತ್ತಾರೆ. ಊರೊಳಗಿನ ಜೀನ್ಸ್ ಹೊಲಿಯುವ ಮನೆಗಳಿಂದ ಕತ್ತು ತಿರುಗಿಸಲಾಗದ ಹೆಂಗಸರು ಬರುತ್ತಾರೆ. ಬಂದವರಿಗೆಲ್ಲ ಮೊದಲ ದಿನ ನಾನು ಹೇಳುವ ಮಾತು ಒಂದೇ: ನಾನು ಯಾರನ್ನೂ ವಾಸಿ ಮಾಡುವುದಿಲ್ಲ, ನಿಮ್ಮ ಮೈ ತನ್ನನ್ನು ತಾನೇ ವಾಸಿ ಮಾಡಿಕೊಳ್ಳುತ್ತದೆ, ಅಲ್ಲಿಯವರೆಗೆ ನಾನು ಪಕ್ಕದಲ್ಲಿ ಇರುತ್ತೇನೆ. ಈ ಮಾತು ಕೇಳಿ ಕೆಲವರು ಬೇರೆ ಡಾಕ್ಟರನ್ನು ಹುಡುಕಿಕೊಂಡು ಹೋಗಿದ್ದೂ ಉಂಟು. ಆದರೆ ನಾನು ಅದನ್ನು ಮನಸಾರೆ ನಂಬಿದವನು. ನೋವು ಒಂದು ಗಂಟುಮೂಟೆಯಲ್ಲ, ಒಬ್ಬರಿಂದ ಇಳಿಸಿ ಇನ್ನೊಬ್ಬರ ಮೇಲೆ ಹೊರಿಸಲು ಬರುವುದಿಲ್ಲ ಎಂದು ನನ್ನ ಹತ್ತಿರ ಕಲಿಯಲು ಬರುವ ಹುಡುಗ ಹುಡುಗಿಯರಿಗೂ ಹೇಳುತ್ತಿದ್ದೆ. ಈಗ ಆ ಪಾಠ ಬಂದಾಗ ಸ್ವಲ್ಪ ಬೇಗ ಮುಂದಕ್ಕೆ ಹೋಗಿಬಿಡುತ್ತೇನೆ.

ಈ ನಂಬಿಕೆ ನನಗೆ ಪುಸ್ತಕದಿಂದ ಬಂದದ್ದಲ್ಲ. ನಾನು ಹುಟ್ಟಿ ಬೆಳೆದದ್ದು ಸಿರುಗುಪ್ಪದಲ್ಲಿ. ಹುಟ್ಟುವಾಗ ತಲೆಯ ಬದಲು ಕಾಲು ಮುಂದಾಗಿ ಹೊರಬಂದೆನಂತೆ. ತೆಲುಗು ಬೆರೆತ ನಮ್ಮ ಕಡೆಯ ಮಾತಿನಲ್ಲಿ ಅಂಥವನಿಗೆ ಎದುರುಗಾಲಿನವ ಎನ್ನುತ್ತಾರೆ. ಎದುರುಗಾಲಿನವನು ಬೆನ್ನ ಮೇಲೆ ಕಾಲಿಟ್ಟು ಎಳೆದರೆ ಹಿಡಿದುಕೊಂಡ ಟೊಂಕ ಬಿಡುತ್ತದೆ ಎಂಬುದು ಗಡಿಯ ಈಚೆಗೂ ಆಚೆಗೂ ಇರುವ ನಂಬಿಕೆ. ನನಗೆ ನಡೆಯಲು ಬಂದಾಗಿನಿಂದ ಭಾನುವಾರ ಬೆಳಗಾದರೆ ನಮ್ಮ ಮನೆಯ ಕಟ್ಟೆಯ ಮೇಲೆ ಬಗ್ಗಿದ ಜನ ಕೂತಿರುತ್ತಿದ್ದರು. ನನ್ನನ್ನು ನಿದ್ದೆಗಣ್ಣಿನಲ್ಲೇ ಎತ್ತಿ ತಂದು ನಿಲ್ಲಿಸುತ್ತಿದ್ದರು. ಚಾಪೆಯ ಮೇಲೆ ಬೋರಲು ಮಲಗಿದ ಯಾರದೋ ಬೆನ್ನಿಗೆ ಬಲಗಾಲಿಟ್ಟು ಮೇಲಿನಿಂದ ಕೆಳಕ್ಕೆ ಎಳೆಯುತ್ತಿದ್ದೆ. ಅವರು ಎದ್ದು, ನನ್ನ ಮುಖ ನೋಡದೆ, "ಬರ್ತೀವಿ" ಎನ್ನದೆ ಹೊರಟುಬಿಡುತ್ತಿದ್ದರು. ಹಾಗೆ ಹೇಳಿದರೆ ನೋವು ತಿರುಗಿ ಬರುತ್ತದಂತೆ. ಎಲ್ಲರೂ ಹೋದ ಮೇಲೆ ಅಜ್ಜಿ ಬಾಗಿಲ ಹೊರಗಿನ ಒಗೆಯುವ ಕಲ್ಲಿನ ಮೇಲೆ ನನ್ನ ಕಾಲು ಇಡಿಸಿ, ಚೆಂಬಿನಿಂದ ನೀರು ಹಾಕಿ ತೊಳೆದು, ಆಮೇಲೆಯೇ ಒಳಗೆ ಬಿಡುತ್ತಿದ್ದಳು.

ನಮ್ಮಪ್ಪ ಅಕ್ಕಿ ಗಿರಣಿಯಲ್ಲಿ ಹಮಾಲಿ. ಸಂಜೆ ಮನೆಗೆ ಬಂದರೆ ಗೋಡೆ ಹಿಡಿದುಕೊಂಡೇ ಕೂರುತ್ತಿದ್ದರು. ಊರವರ ಟೊಂಕವನ್ನೆಲ್ಲ ಬಿಡಿಸುವ ನನಗೆ ಅಪ್ಪನದೂ ಬಿಡಿಸಬೇಕು ಎಂಬ ಆಸೆ. ಒಂದು ಸಂಜೆ ಅವರು ಬೋರಲು ಮಲಗಿದ್ದಾಗ ಕಾಲು ಎತ್ತಿದೆ. ಅಜ್ಜಿ ಬಂದು ನನ್ನ ರಟ್ಟೆ ಹಿಡಿದು ಎಳೆದಳು.

"ಮನ್ಯಾಗಿಂದು ತಗದು ಎಲ್ಲಿ ಇಡ್ತೀಲೇ? ಮನ್ಯಾಗ ಉಳಿತೈತಿ ಅದು."

ನನ್ನ ನಂಬಿಕೆ ಅಂದೇ ಸತ್ತಿತು. ಸ್ವಂತ ಅಪ್ಪನ ಉಪಯೋಗಕ್ಕೆ ಬರದ ವಿದ್ಯೆ ಯಾವ ಸೀಮೆಯದು ಎಂದು ಸಿಟ್ಟು ಬಂದಿತ್ತು. ಹೈಸ್ಕೂಲಿಗೆ ಬರುವಷ್ಟರಲ್ಲಿ ಕಾಲಿಡುವುದನ್ನು ಬಿಟ್ಟೆ. ಬೆನ್ನು ಎಂದರೇನು ಎಂದು ಓದಿಯೇ ತಿಳಿಯುತ್ತೇನೆ ಎಂದು ಹಟ ಹಿಡಿದು ಓದಿದೆ. ನಾನು ಕಲಿತದ್ದನ್ನೆಲ್ಲ ಮೊದಲು ಮಾಡಿದ್ದು ಅಪ್ಪನ ಮೇಲೆಯೇ. ಅಷ್ಟು ಹೊತ್ತಿಗೆ ತಡವಾಗಿತ್ತು, ಅವರನ್ನು ನೆಟ್ಟಗೆ ಮಾಡಲು ಆಗಲಿಲ್ಲ. ಆದರೆ ಕೊನೆಯ ವರ್ಷಗಳಲ್ಲಿ ರಾತ್ರಿ ನಿದ್ದೆ ಮಾಡುವಂತೆ ಮಾಡಿದೆ. ನನ್ನ ವೃತ್ತಿಯ ಬಗ್ಗೆ ನನಗಿರುವ ಹೆಮ್ಮೆಯೆಲ್ಲ ಆ ನಿದ್ದೆಯದು.

ಇಷ್ಟು ಹೇಳಿದ್ದು ನಾನು ಎಂಥ ಮನುಷ್ಯ ಎಂದು ನಿಮಗೆ ಗೊತ್ತಿರಲಿ ಎಂದು.

ಕೆಲವು ವರ್ಷಗಳ ಹಿಂದೆ, ಮಾರ್ಚ್ ತಿಂಗಳು. ಕುರುಗೋಡಿನಲ್ಲಿ ಹಾಸಿಗೆ ಹಿಡಿದ ಕೆಲವರನ್ನು ಅವರ ಮನೆಗೇ ಹೋಗಿ ನೋಡುತ್ತಿದ್ದೆ. ಅವರಲ್ಲಿ ಗಂಗಮ್ಮ ಒಬ್ಬರು. ಸರಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವರು. ಒಂದು ದಿನ ಅನ್ನದ ಪಾತ್ರೆ ಇಳಿಸಲು ಬಗ್ಗಿದವರು ಮತ್ತೆ ಏಳಲಿಲ್ಲ. ಅಂದಿನಿಂದ ಎಡಮಗ್ಗುಲಿಗೆ ಮಲಗಿ, ಒಂದು ಕೈ ಕೆನ್ನೆಯ ಕೆಳಗಿಟ್ಟು, ಮೇಲಿನ ಮೊಣಕಾಲನ್ನು ಎದೆಯ ಕಡೆ ಮಡಿಚಿಕೊಂಡೇ ಇರುತ್ತಿದ್ದರು. ಸ್ವಲ್ಪ ಹೊರಳಿಸಲು ಹೋದರೆ "ಹಗೂರಕ್ರಿ, ಹಗೂರಕ್ರಿ" ಎಂದು ಕಣ್ಣು ಮುಚ್ಚುತ್ತಿದ್ದರು. ಸ್ಕ್ಯಾನ್ ಮಾಡಿಸಿದ್ದರು, ಅದರಲ್ಲಿ ಏನೂ ಇರಲಿಲ್ಲ. ರಕ್ತದಲ್ಲಿ ಏನೂ ಇರಲಿಲ್ಲ. ಬೆನ್ನಿನ ವಿಷಯದಲ್ಲಿ ನನಗೆ ಭಯವಾಗುವುದು ಹೀಗೆ ಏನೂ ಸಿಗದಿದ್ದಾಗ ಮಾತ್ರ.

ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ನೋಡಿಕೊಳ್ಳುವವಳು ಮಗಳು ರೇಣುಕಾ, ಡಿಗ್ರಿ ಓದುವುದನ್ನು ಅರ್ಧಕ್ಕೆ ನಿಲ್ಲಿಸಿ ತಾಯಿಯ ಪಕ್ಕ ಕೂತಿದ್ದಳು. ಅಡುಗೆ ಕೆಲಸಕ್ಕೆ ಬದಲಿಯಾಗಿ ಬಂದವಳೇ ಕಾಯಂ ಆಗುವ ಮಾತು ಶಾಲೆಯಲ್ಲಿ ನಡೆದಿತ್ತು. ಗಂಗಮ್ಮನಿಗೆ ಎದ್ದು ನಿಲ್ಲುವುದೊಂದೇ ಬೇಕಿತ್ತು. ನಾನು ನನ್ನ ಪಟ್ಟುಗಳನ್ನೆಲ್ಲ ಹಾಕಿ ನೋಡಿದೆ, ಕೂದಲೆಳೆಯಷ್ಟೂ ಮುಂದೆ ಹೋಗಲಿಲ್ಲ.

ಒಂದು ದಿನ ಮಾತಿಗೆ ಮಾತು ಬಂದು ನನ್ನ ಊರು ಸಿರುಗುಪ್ಪ ಎಂದೆ. ಯಾವ ಓಣಿ ಎಂದು ಕೇಳಿದರು. ಹೇಳಿದೆ. ಮಲಗಿದಲ್ಲಿಂದಲೇ ನನ್ನ ಮುಖವನ್ನು ಬಹಳ ಹೊತ್ತು ನೋಡಿದರು.

"ಹಮಾಲಿ ಮನಿ ಎದುರುಗಾಲಿನ ಹುಡುಗ ನೀವಾ ಏನ್ರಿ? ನನ್ನ ತವರುಮನಿ ತೆಕ್ಕಲಕೋಟೆ. ನಾ ಸಣ್ಣಾಕಿದ್ದಾಗ ನಮ್ಮಪ್ಪನ್ನ ನಿಮ್ಮ ಮನಿಗೆ ಕರಕೊಂಡು ಬಂದಿದ್ವಿ. ಬಗ್ಗಿಕೊಂಡು ಬಂದಾತ ನೆಟ್ಟಗ ನಡಕೊಂತ ಹೋದ."

ಅಲ್ಲಿಂದ ಮುಂದೆ ನಾನು ಹೋದಾಗಲೆಲ್ಲ ಅದೇ ಮಾತು. "ಒಂದ್ಸಲ ಕಾಲಿಡ್ರಿ ಸರ್. ಆಗಲಿಲ್ಲಂದ್ರ ನಾ ಮತ್ತ ಕೇಳಂಗಿಲ್ಲ." ನಾನು ನಕ್ಕು ಹಾರಿಸುತ್ತಿದ್ದೆ. ಆದರೆ ಮನೆಗೆ ಬಂದು ಯೋಚಿಸುತ್ತಿದ್ದೆ. ನಂಬಿಕೆಗೆ ಒಂದು ಬಲ ಇದೆ, ಅದು ನಮ್ಮ ವೃತ್ತಿಯವರೂ ಒಪ್ಪುವ ಮಾತು. ಕಾಲನ್ನು ಹಗುರವಾಗಿ ಇಟ್ಟು ಎಳೆದರೆ ಆಕೆಗೆ ಹಾನಿಯಂತೂ ಇಲ್ಲ. ಹೆದರಿಕೆಯಿಂದ ಬಿಗಿದ ಸ್ನಾಯು ಸಡಿಲಾದರೆ ನನ್ನ ವ್ಯಾಯಾಮ ಶುರು ಮಾಡಬಹುದು. ಹೀಗೆ ಲೆಕ್ಕ ಹಾಕಿ, ಪೂರ್ತಿ ಡಾಕ್ಟರಿಕೆಯ ಮನಸ್ಸಿನಿಂದಲೇ ಒಪ್ಪಿಕೊಂಡೆ. ನನ್ನ ಜಾಣತನದ ಬಗ್ಗೆ ಸ್ವಲ್ಪ ಖುಷಿಯೂ ಇತ್ತು.

ನಾನು ಹೋದಾಗ ನಡುಮಧ್ಯಾಹ್ನ. ಕುರುಗೋಡಿನ ಗುಡ್ಡದ ಬಂಡೆಗಳಿಂದ ಝಳ ಇಳಿದು ಓಣಿಯಲ್ಲಿ ನಿಂತಿತ್ತು. ಒಂದು ನಾಯಿಯೂ ಹೊರಗಿರಲಿಲ್ಲ. ರೇಣುಕಾ ತಾಯಿಯನ್ನು ಮೆಲ್ಲಗೆ ಬೋರಲು ಮಲಗಿಸಿದ್ದಳು. ನಾನು ಬೂಟು, ಕಾಲುಚೀಲ ಬಿಚ್ಚಿ ಬಲಗಾಲನ್ನು ಆಕೆಯ ಬೆನ್ನಿನ ಮೇಲೆ ಇಟ್ಟೆ, ನಿಧಾನವಾಗಿ ಕೆಳಕ್ಕೆ ಎಳೆದೆ.

ಬೆನ್ನು ಮುಟ್ಟಿದರೆ ಕೆಳಗಿರುವುದು ಮೂಳೆಯೋ ಸ್ನಾಯುವೋ ಎಂದು ನನಗೆ ಗೊತ್ತಾಗುತ್ತದೆ, ಅದು ನನ್ನ ಕಸುಬು. ಅಂದು ನನ್ನ ಅಂಗಾಲಿನ ಕೆಳಗೆ ಆಡಿದ್ದು ಎರಡೂ ಅಲ್ಲ. ಸಣ್ಣವನಿದ್ದಾಗ ಕಾಲುವೆಯಲ್ಲಿ ಈಜುವಾಗ ಕೆಸರಿನಲ್ಲಿ ಕಾಲಿಟ್ಟರೆ ಮೀನು ಮಿಸುಕುತ್ತಿತ್ತು, ಹಾಗೆ ಏನೋ ಮಿಸುಕಿತು. ತಣ್ಣಗಿತ್ತು. ಆ ಬಿಸಿಲಿನಲ್ಲಿ ಬೆವರಿದ ಮೈಯಲ್ಲಿ ತಣ್ಣಗಿನ ಜಾಗ ಎಲ್ಲಿಂದ ಬರಬೇಕು? ನಾನು ಕಾಲು ತೆಗೆಯಬೇಕು ಎನ್ನುವಷ್ಟರಲ್ಲಿ ಅದು ಅಲ್ಲಿ ಇರಲಿಲ್ಲ. ನನ್ನ ಮೀನಖಂಡದವರೆಗೆ ಜೋಮು ಹಿಡಿದಿತ್ತು.

ಗಂಗಮ್ಮ ಎದ್ದರು. ಯಾರ ಕೈಯನ್ನೂ ಹಿಡಿಯಲಿಲ್ಲ. ಸೀರೆ ಸರಿಮಾಡಿಕೊಂಡು, ನನ್ನ ಕಡೆ ನೋಡದೆ ಹಿತ್ತಲಿಗೆ ನಡೆದು ಹೋದರು. ಪಾತ್ರೆ ತಿಕ್ಕುವ ಸದ್ದು ಕೇಳಿಸಿತು. ರೇಣುಕಾ ಅಳುತ್ತಿದ್ದಳು. ನಾನು ಸಂತೋಷಪಡಬೇಕಾಗಿತ್ತು. ನನಗೆ ಆದದ್ದು ಭಯ. ರೇಣುಕಾ ಕಣ್ಣೊರೆಸಿಕೊಂಡು ಒಂದು ಚೆಂಬು ನೀರು ತಂದು ಹೊಸ್ತಿಲ ಹತ್ತಿರ ಇಟ್ಟು, "ಕಾಲು ತೊಳಕೊಳ್ರಿ ಸರ್, ಅವ್ವ ಹೇಳಿದ್ಲು" ಎಂದಳು. ತೊಳೆದರೆ ಇದನ್ನೆಲ್ಲ ನಂಬಿದಂತಾಗುತ್ತದೆ ಎನಿಸಿತು. ಬೇಡಮ್ಮ ಎಂದು ಕಾಲುಚೀಲ ಏರಿಸಿ, ಬೂಟು ಹಾಕಿಕೊಂಡು ಹೊರಟೆ.

ಬಳ್ಳಾರಿಗೆ ಬರುವ ದಾರಿಯುದ್ದಕ್ಕೂ ಬಲಗಾಲು ಭಾರವಾಗಿಯೇ ಇತ್ತು. ನಾನು ಮನೆಗೆ ಬಂದು ಬೂಟು ಬಿಚ್ಚುವುದನ್ನೇ ಕಾಯುತ್ತಿದ್ದ ಮಗಳು ಓಡಿ ಬಂದಳು. ಆಗ ಅವಳು ಒಂದನೇ ಕ್ಲಾಸು. ಮಿನ್ನು ಎಂದು ಕರೆಯುತ್ತೇವೆ. ನನ್ನ ಪಾದಗಳ ಮೇಲೆ ತನ್ನ ಪಾದ ಇಟ್ಟು ನಿಂತು, ನನ್ನ ಕೈ ಹಿಡಿದುಕೊಂಡು ಮನೆಯೆಲ್ಲ ತಿರುಗುವುದು ಅವಳ ದಿನದ ಆಟ. ಅಂದೂ ತಿರುಗಿಸಿದೆ. ಆಟ ಮುಗಿಯುವಷ್ಟರಲ್ಲಿ ನನ್ನ ಕಾಲು ಹಗುರಾಗಿತ್ತು. ಹಗುರಾಯಿತಲ್ಲ ಎಂದು ನೆಮ್ಮದಿಯಿಂದ ಸ್ನಾನಕ್ಕೆ ಹೋದೆ.

ಮರುದಿನ ಬೆಳಿಗ್ಗೆ ಮಿನ್ನು ಏಳಲಿಲ್ಲ. ಶಾಲೆ ತಪ್ಪಿಸುವ ನಾಟಕ ಎಂದು ಹೆಂಡತಿ ಗದರಿದಳು. ನಾನು ಕೋಣೆಯ ಬಾಗಿಲಿಗೆ ಬಂದು ಅಲ್ಲೇ ನಿಂತೆ. ಮಗು ಎಡಮಗ್ಗುಲಿಗೆ ಮಲಗಿತ್ತು. ಒಂದು ಕೈ ಕೆನ್ನೆಯ ಕೆಳಗಿತ್ತು. ಮೇಲಿನ ಮೊಣಕಾಲು ಎದೆಯ ಕಡೆ ಮಡಿಚಿತ್ತು. ಹೋಗಿ ಹೊರಳಿಸಲು ನೋಡಿದೆ. ಕಣ್ಣು ಮುಚ್ಚಿ "ಹಗೂರಕ್ರಿ" ಎಂದಳು. ನನ್ನ ಮಗಳು ನನಗೆ ಎಂದೂ ಹಾಗೆ ಬಹುವಚನ ಕೊಟ್ಟು ಮಾತಾಡಿದವಳಲ್ಲ.

ಮಕ್ಕಳ ಡಾಕ್ಟರ ಹತ್ತಿರ ಎತ್ತಿಕೊಂಡು ಓಡಿದೆವು. ಅವರು ಸಮಾಧಾನದ ಮನುಷ್ಯ. ಹಿಂದಿನ ವಾರ ಮಗುವಿಗೆ ನೆಗಡಿ ಜ್ವರ ಬಂದು ಹೋಗಿತ್ತು. ಹಾಗೆ ಬಂದು ಹೋದ ಮೇಲೆ ಕೆಲವು ಮಕ್ಕಳಿಗೆ ಸ್ನಾಯು ಬಾತು ನಡೆಯಲು ಆಗುವುದಿಲ್ಲ, ಕೆಲವೇ ದಿನಗಳಲ್ಲಿ ತಾನೇ ಸರಿಹೋಗುತ್ತದೆ ಎಂದರು. ನನಗೂ ಗೊತ್ತಿರುವ ವಿಷಯವೇ. ಆದರೆ ಆ ನೋವು ಕಾಲಿನ ಮೀನಖಂಡದಲ್ಲಿ ಬರಬೇಕು, ಇವಳ ನೋವು ಬೆನ್ನಿನಲ್ಲಿತ್ತು. ರಕ್ತದಲ್ಲಿ ಏನೂ ಸಿಗಲಿಲ್ಲ. ಇನ್ನೂ ಹೀಗೇ ಇದ್ದರೆ ಅಡ್ಮಿಟ್ ಮಾಡಿ ಸ್ಕ್ಯಾನ್ ಮಾಡೋಣ ಎಂದು ಕಳಿಸಿದರು. ಆ ರಾತ್ರಿ ಹೆಂಡತಿ ಮಗಳ ಪಕ್ಕದಲ್ಲಿ ಕೂತೇ ಇದ್ದಳು. ಆಕೆಗೆ ನಾನು ಏನೂ ಹೇಳಿರಲಿಲ್ಲ. ಏನೆಂದು ಹೇಳುವುದು?

ಬೆಳಗಾಗುತ್ತಲೇ ಸಿರುಗುಪ್ಪದಿಂದ ಅವ್ವನ ಫೋನ್ ಬಂತು. ಅವ್ವ ಅಲ್ಲಿ ನಮ್ಮಣ್ಣನ ಮನೆಯವರೊಂದಿಗೆ ಇರುತ್ತಾಳೆ. ಮಗುವಿನ ಸುದ್ದಿ ಹೆಂಡತಿ ತಿಳಿಸಿದ್ದಳು. ಅವ್ವ ಜ್ವರ ಕೇಳಲಿಲ್ಲ, ಊಟ ಕೇಳಲಿಲ್ಲ.

"ಯಾರ ಮ್ಯಾಲರ ಕಾಲಿಟ್ಟಿದ್ದೇನು?"

ನಾನು ಹ್ಞೂಂ ಎಂದೆ.

"ತೊಳಕೊಂಡೇನು?"

ಇಲ್ಲ ಎಂದೆ. "ಕೂಸಿನ್ನ ಕರಕೊಂಡು ಬಾ" ಎಂದು ಫೋನ್ ಇಟ್ಟಳು.

ಆಸ್ಪತ್ರೆ ಬಿಟ್ಟು ಮಂತ್ರ ಹಾಕಿಸಲು ಹೋಗುವವರನ್ನು ನಾನು ಎಷ್ಟು ಬೈದಿದ್ದೇನೋ ಲೆಕ್ಕವಿಲ್ಲ. ಅಂದು ಮಗಳನ್ನು ಕಾರಿನ ಹಿಂದಿನ ಸೀಟಿನಲ್ಲಿ ಹೆಂಡತಿಯ ತೊಡೆಯ ಮೇಲೆ ಮಲಗಿಸಿ ನಾನೇ ಹೊರಟೆ. ತೆಕ್ಕಲಕೋಟೆ ದಾಟುವಾಗ ಗಂಗಮ್ಮನ ತವರು ಇದು ಎಂದು ನೆನಪಾಗಿ ಆ ಕಡೆ ನೋಡದೆ ಓಡಿಸಿದೆ. ಪ್ರತಿ ಗುಂಡಿಗೂ ಹಿಂದಿನಿಂದ "ಹಗೂರಕ್ರಿ" ಎಂದು ಕೇಳಿಸುತ್ತಿತ್ತು.

ಅವ್ವ ಬಾಗಿಲಲ್ಲೇ ನಿಂತಿದ್ದಳು. ಮೊಮ್ಮಗಳ ಹತ್ತಿರ ಬರಲಿಲ್ಲ. ನನ್ನನ್ನು ಕರೆದು ಹೊರಗಿನ ಆ ಒಗೆಯುವ ಕಲ್ಲನ್ನು ತೋರಿಸಿದಳು. ಬಲಗಾಲು ಇಟ್ಟೆ. ಕೊಡದಿಂದ ನೀರು ಹಾಕತೊಡಗಿದಳು. ಚಿಕ್ಕಂದಿನಲ್ಲಿ ಅಜ್ಜಿ ಹೀಗೆ ನೀರು ಹಾಕುವಾಗ ತುಟಿ ಆಡಿಸುತ್ತಿದ್ದಳು, ನನಗೆ ಕೇಳಿಸುತ್ತಿರಲಿಲ್ಲ. ಅಂದು ಅವ್ವ ಹೇಳಿದ್ದು ಸ್ಪಷ್ಟವಾಗಿ ಕೇಳಿಸಿತು.

"ಯಾರದೈತೋ ಅವರಿಗೆ ಹೋಗಿ ಮುಟ್ಟಲಿ."

ಯಾರದು ಎಂದು ನನಗೆ ಗೊತ್ತಿತ್ತು. ಗಂಗಮ್ಮ ಹಿಂದಿನ ದಿನದಿಂದ ಕೆಲಸಕ್ಕೆ ಹೋಗುತ್ತಿದ್ದಾರೆ ಎಂದು ರೇಣುಕಾ ಮೆಸೇಜ್ ಮಾಡಿದ್ದಳು. ನಾನು ಕಾಲು ಎಳೆದುಕೊಳ್ಳಬಹುದಿತ್ತು. ಇದರಲ್ಲೆಲ್ಲ ಏನೂ ಇಲ್ಲ ಎಂದು ನಂಬಿದವನಿಗೆ ಎಳೆದುಕೊಳ್ಳುವ ಕಾರಣವೂ ಇರಲಿಲ್ಲ. ಕಾರಿನ ತೆರೆದ ಬಾಗಿಲಿನಲ್ಲಿ ಮಗಳ ಮಡಿಚಿದ ಮೊಣಕಾಲು ಕಾಣುತ್ತಿತ್ತು. ಕೊಡ ಖಾಲಿಯಾಗುವವರೆಗೂ ಕಾಲನ್ನು ಅಲ್ಲೇ ಇಟ್ಟಿದ್ದೆ.

ಆಮೇಲೆ ಮಗುವನ್ನು ಒಳಗೆ ಮಲಗಿಸಿದೆವು. ನಾವು ಉಂಡು ಕೈ ತೊಳೆಯುವ ಹೊತ್ತಿಗೆ ಮಿನ್ನು ಅಣ್ಣನ ಮಕ್ಕಳ ಜೊತೆ ಟಿವಿ ಮುಂದೆ ಕೂತು ರಿಮೋಟಿಗೆ ಜಗಳವಾಡುತ್ತಿದ್ದಳು. ಹೆಂಡತಿ ದೇವರ ಕೋಣೆಗೆ ಹೋಗಿ ಅತ್ತಳು. ಡಾಕ್ಟರು ಹೇಳಿದಂತೆಯೇ ಆಯಿತು, ತಾನೇ ಸರಿಹೋಯಿತು ಎಂದು ನಾನು ಅಣ್ಣನಿಗೆ ಹೇಳುತ್ತಿದ್ದೆ. ಆಗಲೇ ನನ್ನ ಫೋನ್ ಬಡಿದುಕೊಂಡಿತು. ರೇಣುಕಾ.

"ಸರ್, ಅವ್ವ ಮತ್ತ ಬಿದ್ದಾಳ್ರಿ. ಸಾಲ್ಯಾಗ ಅಡಗಿ ಮಾಡಕೊಂತ ನಿಂತಾಕಿ ಹಂಗಾ ಕುಂತುಬಿಟ್ಲಂತ. ಎತಗೊಂಡು ಬಂದಾರ್ರಿ. ನೀವು ಬರ್ರಿ ಸರ್."

ಯಾವ ಹೊತ್ತಿಗೆ ಬಿದ್ದರು ಎಂದು ನಾನು ಕೇಳಲಿಲ್ಲ. ಇವತ್ತಿನವರೆಗೂ ಕೇಳಿಲ್ಲ.

ಇದನ್ನು ಬಿಡಿಸಿ ಹೇಳಲು ನನ್ನಿಂದ ಆಗಿಲ್ಲ. ಮಗಳದು ಜ್ವರದ ನಂತರದ ತೊಂದರೆ, ಗಂಗಮ್ಮನದು ನಂಬಿಕೆಯ ಬಲದಿಂದ ಎದ್ದು, ಮೈ ತಯಾರಾಗುವ ಮೊದಲೇ ಭಾರ ಎತ್ತಲು ಹೋಗಿ ಬಿದ್ದದ್ದು ಎಂದು ಒಬ್ಬ ಸ್ನೇಹಿತ ವೈದ್ಯರು ಹೇಳಿದರು. ಒಪ್ಪುವಂಥ ಮಾತು. ಹಗಲಿನಲ್ಲಿ ನಾನು ಒಪ್ಪುತ್ತೇನೆ ಕೂಡ. ಆದರೆ ಆ ಮಲಗುವ ರೀತಿ, ಆ ಒಂದು ಮಾತು, ಅಂಗಾಲಿನ ಕೆಳಗಿನ ಆ ತಣ್ಣಗಿನ ಮಿಸುಕಾಟ, ಇವನ್ನು ಎಲ್ಲಿ ಸೇರಿಸಬೇಕು ಎಂದು ಅವರಿಗೂ ತಿಳಿಯಲಿಲ್ಲ.

ನಾನು ಕುರುಗೋಡಿಗೆ ಹೋಗುವುದನ್ನು ಬಿಡಲಿಲ್ಲ. ವಾರವಾರವೂ ಹೋಗಿ ಕೈಯಿಂದಲೇ ಮಾಡಬೇಕಾದ್ದನ್ನು ಮಾಡುತ್ತೇನೆ. ಈಗ ಗಂಗಮ್ಮ ಎದ್ದು ಕೂರುತ್ತಾರೆ, ವಾಕರ್ ಹಿಡಿದು ಬಾಗಿಲವರೆಗೆ ಬರುತ್ತಾರೆ. ಅಡುಗೆ ಕೆಲಸ ಹೋಯಿತು. ಮತ್ತೊಮ್ಮೆ ಕಾಲಿಡಿ ಎಂದು ರೇಣುಕಾ ಬೇಡಿಕೊಂಡಳು, ಜಗಳವಾಡಿದಳು, ಆಮೇಲೆ ಸುಮ್ಮನಾದಳು. ಗಂಗಮ್ಮ ಮಾತ್ರ ಒಮ್ಮೆಯೂ ಕೇಳಲಿಲ್ಲ. ಆಕೆ ಯಾಕೆ ಕೇಳುತ್ತಿಲ್ಲ ಎಂದು ನನಗೆ ಸೋಜಿಗವಾಗುತ್ತಿತ್ತು.

ಹೋದ ತಿಂಗಳು ಆಕೆಯನ್ನು ಮಗ್ಗುಲಿಗೆ ಹೊರಳಿಸಿ ಬೆನ್ನು ಒತ್ತುತ್ತಿದ್ದೆ. ರೇಣುಕಾ ಹೊರಗೆ ಹೋಗಿದ್ದಳು. ಗಂಗಮ್ಮ ಗೋಡೆಯ ಕಡೆ ಮುಖ ಮಾಡಿಯೇ ಕೇಳಿದರು.

"ಮಗಳು ಆರಾಮ ಅದಾಳೇನ್ರಿ ಈಗ?"

ನನಗೆ ಮಗಳಿದ್ದಾಳೆ ಎಂದು ಆ ಮನೆಯಲ್ಲಿ ನಾನು ಎಂದೂ ಹೇಳಿದವನಲ್ಲ. ಆರಾಮ ಇದ್ದಾಳೆ ಎಂದೆ.

"ಇರಲಿ ಬಿಡ್ರಿ. ಸಣ್ಣ ಕೂಸು, ಅದಕ್ಯಾಕ? ನಾ ಹಿಂಗಾ ಇರ್ತೀನಿ."

ನನ್ನ ಕೈ ಅವರ ಬೆನ್ನ ಮೇಲೆಯೇ ಇತ್ತು. ಇಲ್ಲ ಗಂಗಮ್ಮ, ನೋವು ಹಾಗೆ ಒಬ್ಬರಿಂದ ಒಬ್ಬರಿಗೆ ಹೋಗುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ. ಹೇಳಿದರೆ ಆಕೆ ಎಲ್ಲಿ ನಂಬಿ, ಮತ್ತೆ ಕಾಲಿಡಿ ಎಂದುಬಿಡುತ್ತಾರೋ ಎಂದು ಹೆದರಿಕೆಯಾಗಿ ಬೆನ್ನು ಒತ್ತುತ್ತಲೇ ಹೋದೆ.